ಮನ್ಯಾಗ ತೋರಿಸಿ ಬರ್ರಿ

ಗಡಹಿಂಗ್ಲಜದ ಅಣ್ಣಾಸಾಹೇಬರ ಸೀರೆ ಅಂಗಡಿಗೆ ಆ್ಯಪ್ ಬಂದು ತಿಂಗಳುಗಳೇ ಆಗಿದ್ದವು. ನೋಡುವವರಿಗೇನೂ ಬರವಿರಲಿಲ್ಲ. ಇಚಲಕರಂಜಿಯಿಂದ ನೋಡುತ್ತಿದ್ದರು, ಕೋವಾಡದಿಂದ ನೋಡುತ್ತಿದ್ದರು, ಸೆರಗು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ಕೆಳಗಿನ ‘ಈಗಲೇ ಖರೀದಿಸಿ’ ಎಂಬ ಕೆಂಪು ಬಟನ್ ಮಾತ್ರ ಯಾರೂ ಒತ್ತುತ್ತಿರಲಿಲ್ಲ. ಅದರಲ್ಲಿ ಕರೆಂಟು ಹರಿಯುತ್ತಿದೆಯೇನೋ ಎಂಬಂತೆ ಅಲ್ಲಿಯ ತನಕ ಬಂದು ಬೆರಳು ಹಿಂದೆ ತೆಗೆಯುತ್ತಿದ್ದರು.

ಆ ಅಕ್ಷರ ಬರೆದವಳು ಅಣ್ಣಾಸಾಹೇಬರ ಮಗಳು ಪ್ರೇರಣಾ. ಕೊಲ್ಹಾಪುರದ ಕಂಪನಿಯೊಂದರಲ್ಲಿ ಇಂಥ ಬಟನ್‌ಗಳ ಮೇಲಿನ ಮಾತು ಬರೆಯುವುದೇ ಅವಳ ಕೆಲಸ. ಊರಿಗೆಲ್ಲ ಬರೆದುಕೊಟ್ಟು ಹೆಸರು ಗಳಿಸಿದವಳು ಅಪ್ಪನ ಅಂಗಡಿಯಲ್ಲಿ ಮುಗ್ಗರಿಸಿದ್ದಳು. ಅಪ್ಪ ಈಗ ಇಲ್ಲ. ಯುಗಾದಿಯ ತನಕ ನೋಡಿ, ಆಗದಿದ್ದರೆ ಅಂಗಡಿಯನ್ನು ಮೊಬೈಲ್ ಮಾರುವವನಿಗೆ ಬಿಟ್ಟುಕೊಡುತ್ತೇನೆಂದು ಅಣ್ಣ ವಿಶಾಲ ಮಾತು ಕೊಟ್ಟುಬಿಟ್ಟಿದ್ದ. ಅಪ್ಪನ ಗಾದಿಯ ಮೇಲೆ ಇನ್ನೊಬ್ಬ ಮೊಬೈಲ್ ಕವರ್ ಹರವಿಕೊಂಡು ಕೂತಾನು ಎಂಬುದೇ ಪ್ರೇರಣಾಳಿಗೆ ನುಂಗಲಾರದ ತುತ್ತಾಗಿತ್ತು.

“‘ಇವತ್ತ ಕಡೀ ದಿನ’ ಅಂತ ಬರಿ. ಹೆದರಿ ಒತ್ತತಾರ,” ಎಂದ ವಿಶಾಲ.

“ಹೆದರಿಸಿ ಸೀರಿ ಮಾರ್ತಿಯೇನೋ?” ಎಂದಳು ಅವ್ವ ಹಾಲವ್ವ.

ರಜೆ ಹಾಕಿ ಊರಿಗೆ ಬಂದಿದ್ದ ಪ್ರೇರಣಾ ಅಂಗಡಿಯ ಗಾದಿಯ ಮೇಲೆ ಕೂತು ಎದುರಿನ ಗೋಡೆ ನೋಡಿದಳು. ಅಲ್ಲಿ ವಿಶಾಲ ಹಾಕಿಸಿದ ಬೋರ್ಡು: ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ. ಅಪ್ಪ ಇದ್ದಿದ್ದರೆ ನಕ್ಕುಬಿಡುತ್ತಿದ್ದ. ಯಾವ ಹೆಣ್ಣುಮಗಳಿಗೂ ಅಪ್ಪ ‘ತೊಗೊಳ್ರಿ’ ಎಂದದ್ದನ್ನು ಅವಳು ಕೇಳಿರಲಿಲ್ಲ. ಸೀರೆ ಹಿಡಿದು ಯಾರಾದರೂ ಮೀನಮೇಷ ಎಣಿಸತೊಡಗಿದರೆ ಸಾಕು, ಒಂದಕ್ಕೆರಡು ಸೀರೆ ಹಳೆ ಪೇಪರಿನಲ್ಲಿ ಸುತ್ತಿ ಕೈಗಿಡುತ್ತಿದ್ದ.

“ಮನ್ಯಾಗ ತೋರಿಸಿ ಬರ್ರಿ.”

ದುಡ್ಡಿಲ್ಲ, ಚೀಟಿಯಿಲ್ಲ. ಸೀರೆ ಬಸ್ಸು ಹತ್ತಿ ಉತ್ತೂರಿಗೆ ಹೋಗುತ್ತಿತ್ತು. ಅಲ್ಲಿ ಅತ್ತೆ ನೋಡಬೇಕು, ನಾದಿನಿ ಮೂಗು ಮುರಿಯಬೇಕು, ಪಕ್ಕದ ಮನೆಯಾಕೆ ಹೆಗಲ ಮೇಲೆ ಹಾಕಿಕೊಂಡು ಹೂಂ ಅನ್ನಬೇಕು. ಆಮೇಲೆ ಅದು ಆ ಮನೆಯ ಸೀರೆ. ಬೇಡಾದದ್ದು ಮುಂದಿನ ಸಂತೆಗೆ ವಾಪಸ್ ಬರುತ್ತಿತ್ತು, ಮಡಿಕೆಯಲ್ಲಿ ಒಲೆಯ ಹೊಗೆಯ ವಾಸನೆ ಹೊತ್ತು. ಜೊತೆಗೆ ಉಡಿಯಷ್ಟು ಹಸಿ ಶೇಂಗಾ. ಆ ಶೇಂಗಾದ ಆಸೆಗೇ ಪ್ರೇರಣಾ ಸಂತೆಯ ದಿನ ಶಾಲೆಯಿಂದ ಅಂಗಡಿಗೆ ಓಡಿ ಬರುತ್ತಿದ್ದಳು. ಎಂಥ ಸುಖದ ದಿನಗಳವು!

ನಾಲ್ಕು ಮಂದಿಗೆ ತೋರಿಸದೆ ಸೀರೆ ಕೊಳ್ಳುವ ಪದ್ಧತಿಯೇ ಇಲ್ಲದ ಊರುಗಳಿಗೆ ತಾನು ‘ಈಗಲೇ’ ಎಂದು ಬರೆದು ಕೂತಿದ್ದೇನಲ್ಲ! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೆಂಪು ಬಟನ್ ತೆಗೆದುಹಾಕಿದಳು. ಹೊಸದರ ಮೇಲೆ ಅಪ್ಪನ ಮಾತನ್ನೇ ಬರೆದಳು: ‘ಮನ್ಯಾಗ ತೋರಿಸಿ ಬರ್ರಿ’. ಒತ್ತಿದರೆ ಸೀರೆ ಮನೆಗೆ ಹೋಗುತ್ತದೆ, ಒಪ್ಪಿಗೆಯಾಗದಿದ್ದರೆ ತಿರುಗಿ ಬರುತ್ತದೆ.

ವಿಶಾಲ ಹಣೆ ಚಚ್ಚಿಕೊಂಡ. “ಉಟ್ಕೊಂಡು ಲಗ್ನಾ ಮುಗಿಸಿ ವಾಪಸ್ ಕಳಿಸ್ತಾರ, ನೋಡ್ಕೋತ ಕೂಡು!”

“ನಿಮ್ಮಪ್ಪನ ಕಾಲಕ್ಕೂ ಒಬ್ಬಿಬ್ಬರು ಹಂಗ ಮಾಡಿದ್ರು,” ಎಂದಳು ಹಾಲವ್ವ. “ಅವರ ಮಕ್ಕಳ ಲಗ್ನದ ಜವಳಿ ಎಲ್ಲಾ ನಮ್ಮಲ್ಲೇ ಆತು.”

ಮರುದಿನ ಮಧ್ಯಾಹ್ನ ಬಟನ್ ಒತ್ತಿದ ಮೊದಲ ಸುದ್ದಿ ಬಂತು. ಇಚಲಕರಂಜಿಯ ಚೆನ್ನವ್ವ. ಬೆನ್ನಿಗೇ ಆಕೆಯ ಧ್ವನಿಯ ಮೆಸೇಜು, ಹಿಂದೆ ಮಗ್ಗಗಳ ಖಟಖಟ ಸದ್ದು.

“ಅಕ್ಕಾರ, ನಾವು ಲೂಮಿನ ಕೆಲಸಕ್ಕ ಇಲ್ಲಿ ಬರೂ ಮೊದಲ ಉತ್ತೂರದಾಗ ಇದ್ವಿ. ನನ್ನ ಲಗ್ನದ ಸೀರಿ ನಿಮ್ಮ ಅಂಗಡೀದ ರೀ. ಸೊಸಿ ಮೊಬೈಲ್‌ದಾಗ ಓದಿ ಹೇಳಿದ ಕೂಡ್ಲೇ ಗುರ್ತು ಹಿಡದೆ, ಇದು ಮಾಲಕರ ಮಾತು ಅಂತ. ಆರಾಮ ಅದಾರಲ್ರಿ? ಭಾಳ ನೆನಪಾತು. ಬೇಡಾದ ಸೀರಿ ನಾನ ತೊಗೊಂಡ ಬರ್ತೇನಿ, ಶೇಂಗಾನೂ ತರ್ತೇನಿ ಅಂತ ಹೇಳ್ರಿ ಅವರಿಗೆ.”

ಪ್ರೇರಣಾ ಉತ್ತರ ಬರೆಯಲು ಹೋದಳು. ಊರಿಗೆಲ್ಲ ಮಾತು ಬರೆದುಕೊಡುವವಳು ‘ಅಪ್ಪ’ ಎಂದು ಬರೆದು ಅಳಿಸಿದಳು, ಮತ್ತೆ ಬರೆದು ಅಳಿಸಿದಳು. ಹಾಲವ್ವ ಅವಳ ಕೈಯಿಂದ ಫೋನು ತೆಗೆದುಕೊಂಡು ಬಾಯಿಗೆ ಹತ್ತಿರ ಹಿಡಿದಳು.

“ಅವರು ಇಲ್ರಿ ಚೆನ್ನವ್ವ, ಹೋಗಿಬಿಟ್ರು. ಅಂಗಡಿ ಐತಿ. ಬರ್ರಿ.”

ವಿಶಾಲ ಸ್ಟೂಲು ಎಳೆದುಕೊಂಡು ಹತ್ತಿ ಗೋಡೆಯ ಬೋರ್ಡು ಇಳಿಸತೊಡಗಿದ.