ಬೀಳದ ಪೆಟ್ಟಿಗೆ

ಯಲಬುರ್ಗಾ ಹತ್ತಿರದ ಗುಡ್ಡದ ಮೇಲೆ ರೆಕ್ಕೆ ಕೂಡಿಸದೆ ಬಿಟ್ಟ ಗಾಳಿಯಂತ್ರದ ಗೋಪುರವೊಂದಿತ್ತು. ಒಳಗೆಲ್ಲ ಟೊಳ್ಳು. ಭೌತಶಾಸ್ತ್ರದ ಸಂಶೋಧಕಿ ಸುಮಂಗಲಾ ಅದನ್ನು ಹಟ ಹಿಡಿದು ಕೇಳಿ ಪಡೆದಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೀಳಲು ಒಂದು ಜಾಗ.

ಬೀಳಬೇಕಾದದ್ದು ಪೀಪಾಯಿಯಷ್ಟು ದೊಡ್ಡ ಪೆಟ್ಟಿಗೆ. ಅದರೊಳಗೆ ಗಾಳಿ ತೆಗೆದ ಗಾಜಿನ ಪಾತ್ರೆ, ಪಾತ್ರೆಯಲ್ಲಿ ಲೇಸರಿನಿಂದ ತಣಿಸಿದ ಒಂದಿಷ್ಟೇ ಅನಿಲ. ಅಷ್ಟು ತಣ್ಣಗಾದಾಗ ಅದರ ಪರಮಾಣುಗಳೆಲ್ಲ ಒಂದೇ ಅಲೆಯಂತೆ ನಡೆದುಕೊಳ್ಳುತ್ತವೆ. ಆದರೆ ನೆಲದ ಮೇಲೆ ನೋಡುವಷ್ಟರಲ್ಲಿ ಪಾತ್ರೆಯ ತಳಕ್ಕೆ ಬಿದ್ದುಬಿಡುತ್ತವೆ. ಪೆಟ್ಟಿಗೆಯೇ ಜೊತೆಗೆ ಬಿದ್ದರೆ ಒಳಗೆ ತೇಲುತ್ತವೆ, ಮೂರು ಸೆಕೆಂಡು ನೋಡಲು ಸಿಗುತ್ತವೆ. ಬೀಳುವ ಪೆಟ್ಟಿಗೆಗೆ ಪೆಟ್ಟಾಗದಂತೆ ಗೋಪುರದ ತಳದ ಗುಂಡಿಗೆ ಸಿದ್ದಾಪುರದ ರೈಸ್ ಮಿಲ್ಲುಗಳ ಭತ್ತದ ಹೊಟ್ಟು ತುಂಬಿಸಿದ್ದವನು ಅವಳ ತಮ್ಮ ದುರಗೇಶ.

ಅಂದು ಗೋಪುರದ ಪಕ್ಕದ ಶೆಡ್ಡಿನಲ್ಲಿ ಕೂತು ಸ್ವಿಚ್ ಒತ್ತಿದಳು. ಗೋಪುರದೊಳಗೆ ತುದಿಯಲ್ಲಿದ್ದ ವಿದ್ಯುತ್ ಅಯಸ್ಕಾಂತ ಪೆಟ್ಟಿಗೆಯನ್ನು ಬಿಟ್ಟಿತು. ಪೆಟ್ಟಿಗೆ ಬೀಳಲಿಲ್ಲ. ಪರದೆಯಲ್ಲಿ ನೋಡಿದರೆ, ಸುರಕ್ಷತೆಗೆಂದು ಹಾಕಿದ್ದ ಕೊಕ್ಕೆ ಪೂರ್ತಿ ಬಿಚ್ಚಿರಲಿಲ್ಲ. ಅದರ ತುದಿಗೆ ಪೆಟ್ಟಿಗೆ ತೂಗುತ್ತಿತ್ತು.

“ಇನ್ನೊಮ್ಮೆ ಒತ್ಲೇನ್ರಿ ಮೇಡಂ?” ಎಂದ ಅವಳ ವಿದ್ಯಾರ್ಥಿ ಯಂಕೇಶ.

ಅಷ್ಟರಲ್ಲಿ ಗೋಪುರದೊಳಗಿಂದ ಕೆಮ್ಮು ಕೇಳಿಸಿತು. ಬಿದ್ದ ಸದ್ದು ಬರಲಿಲ್ಲವೆಂದು ದುರಗೇಶ ಬಾಗಿಲು ತೆಗೆದು ಇಣುಕಿದ್ದ. ಕಾಲು ಜಾರಿ ಸೊಂಟದವರೆಗೆ ಹೊಟ್ಟಿನಲ್ಲಿ ಹೂತುಹೋಗಿದ್ದ.

“ಅಕ್ಕಾ, ಕಾಲ್ ಕೀಳಾಕ ಬರವಲ್ದು.”

“ಅಳ್ಳಾಡಬ್ಯಾಡ. ಬಂದೆ.”

ಅಯಸ್ಕಾಂತ ಮತ್ತೆ ಚಾಲೂ ಮಾಡಿದರೆ ಪೆಟ್ಟಿಗೆಯನ್ನು ಹಿಡಿಯಬಹುದು. ಆ ಎಳೆತಕ್ಕೆ ಕೊಕ್ಕೆ ಜಾರಿ ಪೆಟ್ಟಿಗೆ ಅವನ ಮೇಲೆ ಬಿದ್ದರೆ? ಸುಮ್ಮನಿರೋಣವೆಂದರೆ ಗಾಳಿಗೆ ಗೋಪುರವೇ ಅಲುಗುತ್ತಿತ್ತು. ಚಾಲೂ ಮಾಡಿದಳು. ಪೆಟ್ಟಿಗೆ ಒಮ್ಮೆ ನಡುಗಿ ಮೇಲಕ್ಕೆ ಅಂಟಿಕೊಂಡಿತು.

“ಸ್ವಿಚ್ ಮುಟ್ಟಬ್ಯಾಡ, ಯಾರಿಗೂ ಮುಟ್ಟಾಕ ಬಿಡಬ್ಯಾಡ,” ಎಂದು ಯಂಕೇಶನಿಗೆ ಹೇಳಿ ಹಗ್ಗ ಹಿಡಿದು ಓಡಿದಳು. ಗುಂಡಿಯ ಅಂಚಿಗೆ ಬೋರಲು ಮಲಗಿ ತಮ್ಮನ ಕಂಕುಳಿಗೆ ಹಗ್ಗ ಸುತ್ತಿದಳು. ತಲೆಯ ಮೇಲೆ ಅವಳ ಎಷ್ಟೋ ವರ್ಷಗಳ ಕೆಲಸ ನೇತಾಡುತ್ತಿತ್ತು. ಆಗ ಅವಳಿಗೆ ಅದು ಬರೀ ಭಾರ. ಎಳೆದಳು. ಹೊಟ್ಟು ಸಡಿಲಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಕೊನೆಗೆ ಒಂದು ಕಾಲು ಬಂತು, ಆಮೇಲೆ ಇನ್ನೊಂದು. ಇಬ್ಬರೂ ತೆವಳುತ್ತಲೇ ಹೊರಗೆ ಬಂದರು.

“ಬಾಗಲಾ ತೆಗಿ ಅಂತ ಯಾರ್ ಹೇಳಿದ್ರು ನಿನಗ?”

“ಕೆಟ್ಟು ಹೋತೇನೋ ಅಂತ ಹೆದರಿಕಿ ಆತು, ಅಕ್ಕ.”

ಅವನ ತಲೆಗೆ ಅಂಟಿದ್ದ ಹೊಟ್ಟನ್ನು ಕೊಡವಿದಳು.

ಕೊಕ್ಕೆ ಸರಿಮಾಡಿ, ಅನಿಲವನ್ನು ಹೊಸದಾಗಿ ತಣಿಸುವಷ್ಟರಲ್ಲಿ ಸಂಜೆಯಾಯಿತು. ಗೋಪುರದ ಬಾಗಿಲಿಗೆ ಬೀಗ ಹಾಕಿ ದುರಗೇಶನನ್ನು ತನ್ನ ಪಕ್ಕದಲ್ಲೇ ಕೂಡಿಸಿಕೊಂಡಳು. ಒತ್ತಿದಳು. ಕೆಳಗೆ ದೊಪ್ಪೆಂದಿತು.

ಪರದೆಯಲ್ಲಿ ಚಿತ್ರಗಳು ಒಂದೊಂದಾಗಿ ಬಂದವು. ನಡುವೆ ಅನಿಲದ ಒಂದು ಬಿಳಿ ಮಚ್ಚೆ, ಬೀಳದೆ, ಮೆಲ್ಲಗೆ ಅಗಲವಾಗುತ್ತಿತ್ತು.

“ಇಷ್ಟಕ್ಕನಾ?” ಎಂದ ದುರಗೇಶ.

“ಇಷ್ಟಕ್ಕ,” ಎಂದಳು. ಚಿತ್ರಗಳನ್ನು ಉಳಿಸಲು ಹೆಸರು ಬೆರಳಚ್ಚಿಸಬೇಕಿತ್ತು. ಹಗ್ಗ ಎಳೆದ ಬೆರಳುಗಳು ಊದಿದ್ದವು. ಕೀಲಿಮಣೆಯನ್ನು ಯಂಕೇಶನ ಕಡೆ ಸರಿಸಿದಳು.