ಎರಡು ಕೈಗೂ ಉಣ್ಣೆ

"ಕೈ!" ಎಂದಳು ನೋರ್ಮಾ, ತಲೆ ಎತ್ತದೆಯೇ.

ಎರ್ಮೆಸ್‌ನ ಬಲಗೈ ಆಗಲೇ ಅರ್ಧ ದಾರಿ ಹೋಗಿತ್ತು. ಸ್ಟ್ಯಾಂಡಿಗೆ ನೇತುಹಾಕಿದ್ದ ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ, ಹಾಲಿನ ಪಾತ್ರೆಯ ಕಡೆ ಹೊರಟ ಬೆಕ್ಕಿನ ಹಾಗೆ, ತನ್ನಷ್ಟಕ್ಕೆ ತಾನೇ. ಅವನು ಅದನ್ನು ವಾಪಸು ಕರೆಸಿಕೊಂಡು ಬೆನ್ನ ಹಿಂದೆ ಬಚ್ಚಿಟ್ಟ.

"ನಾನೇನೂ ಮಾಡ್ಲಿಲ್ಲ. ನೊಣ ಓಡಿಸ್ತಿದ್ದೆ."

"ಫೆರಾರಾದಲ್ಲಿ, ನವೆಂಬರ್ ತಿಂಗಳಲ್ಲಿ, ಈ ಮಂಜಲ್ಲಿ, ನೊಣ! ಹೆಸರೇನಂತೆ ಅದರದ್ದು?"

ಹಳೆಯ ಸೆಣಬಿನ ಗೋದಾಮಿನಲ್ಲಿ ನಡೆಯುತ್ತಿದ್ದ ಆ ಸೈಕಲ್ ಕೂಟಕ್ಕೆ ಯಜಮಾನನಿರಲಿಲ್ಲ, ಸಂಬಳದವರೂ ಇರಲಿಲ್ಲ. ಬಿಡುವಿದ್ದವರು ಬಂದು ನಡೆಸುತ್ತಿದ್ದರು. ಇದ್ದದ್ದು ಒಂದೇ ಕಟ್ಟಳೆ, ಅದನ್ನೂ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದರು: ಸೈಕಲ್ ಯಾರದೋ, ಸ್ಪ್ಯಾನರ್ ಅವರ ಕೈಯಲ್ಲೇ. ಗೊತ್ತಿದ್ದವರು ಪಕ್ಕದಲ್ಲಿ ನಿಂತು ಹೇಳಿಕೊಡಬಹುದು. ಕಸಿದುಕೊಂಡು ಮಾಡಿಕೊಡುವ ಹಾಗಿಲ್ಲ. ನಲವತ್ತೆರಡು ವರ್ಷ ಸ್ವಂತ ಅಂಗಡಿಯಲ್ಲಿ ಅರ್ಧ ಊರಿನ ಸೈಕಲ್ಲುಗಳನ್ನು ರಿಪೇರಿ ಮಾಡಿದ್ದ ಎರ್ಮೆಸ್, ಅಂಗಡಿ ಮುಚ್ಚಿ ಇಲ್ಲಿಗೆ ಬಂದು ಸೇರಿದ ಮೂರೇ ತಿಂಗಳಲ್ಲಿ ಎರಡು ಸಲ ಕಟ್ಟಳೆ ಮುರಿದಿದ್ದ. ಕಳೆದ ಸೋಮವಾರದ ಸಭೆಯಲ್ಲಿ ಎಲ್ಲರೂ ಅವನನ್ನು ಬಾಯ್ತುಂಬ ಹೊಗಳಿ, ಆಮೇಲೆ ಕೈ ಎತ್ತಿ ತೀರ್ಮಾನಿಸಿದ್ದರು. ಇನ್ನೊಂದು ಸಲ ಹೀಗಾದರೆ ಎರ್ಮೆಸ್ ಹಿಂದಿನ ಕೋಣೆಯಲ್ಲಿ ಕೂತು ನಟ್ಟು ಬೋಲ್ಟು ವಿಂಗಡಿಸಬೇಕು, ಸ್ಟ್ಯಾಂಡಿನ ಹತ್ತಿರ ಸುಳಿಯಬಾರದು.

ಆ ಕೋಣೆಗೆ ಕಿಟಕಿಯೂ ಇರಲಿಲ್ಲ. ಅವತ್ತಿನಿಂದ ಅವನ ಕನಸಿನಲ್ಲಿ ನಟ್ಟುಗಳು ಸಾಲುಗಟ್ಟಿ ಬರುತ್ತಿದ್ದವು.

ಇವತ್ತಿನ ಸೈಕಲ್ ಬೇಕರಿಯಲ್ಲಿ ಕೆಲಸ ಮಾಡುವ ಲೊರೆತ್ತಾಳದು. ಚಕ್ರ ಬೆಂಡಾಗಿ, ಸುತ್ತಿದಾಗಲೆಲ್ಲ ಬ್ರೇಕಿಗೆ ತಾಗಿ ಚರ್ ಚರ್ ಎನ್ನುತ್ತಿತ್ತು. ಒಂದು ಗಂಟೆಯಿಂದ ಅವಳು ಚಕ್ರದ ಸ್ಪೋಕ್ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದಳು, ಬೆಂಡು ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೇ ಬರುತ್ತಿತ್ತು. ಕೊನೆಗೆ ಕಡ್ಡಿ ತಿರುಗಿಸುವ ಪುಟ್ಟ ಕೀಲಿಯನ್ನು ಅವನ ಮುಂದೆ ಹಿಡಿದಳು.

"ನನ್ನ ಕೈಲಾಗಲ್ಲ ಮೇಷ್ಟ್ರೇ. ನೀವೇ ಒಂದ್ಸಲ... ಎರಡೇ ನಿಮಿಷ."

ಎರಡು ನಿಮಿಷ ಕೂಡ ಬೇಡ. ಎರ್ಮೆಸ್‌ನ ಬೆರಳ ತುದಿ ಬೆಚ್ಚಗಾಯಿತು.

ನೋರ್ಮಾ ಎದ್ದಳು. ಕೂಟ ಶುರುವಾದಾಗಿನಿಂದ ಬಾಗಿಲ ಬಳಿಯ ಕುರ್ಚಿ ಅವಳದೇ. ಚೀಲದಿಂದ ನೀಲಿ ಉಣ್ಣೆಯ ದಪ್ಪ ಲಡಿಯೊಂದನ್ನು ತೆಗೆದಳು.

"ಚಾಚು ಎರಡೂ ಕೈ."

"ಬೇಡಿ ಹಾಕ್ತೀಯೇನೇ?"

"ಟೋಪಿ ಹೆಣೀಬೇಕು ಕಣೋ, ಉಂಡೆ ಸುತ್ಕೋತೀನಿ. ನಿನ್ನ ಕೈ ಒಂದು ಕಡೆ ನಿಂತ್ರೆ ನಿನಗೂ ಒಳ್ಳೇದು, ನನಗೂ ಒಳ್ಳೇದು."

ಲಡಿ ಅವನ ಎರಡು ಕೈಗಳ ನಡುವೆ ಬಿಗಿದು ನಿಂತಿತು. ನೋರ್ಮಾ ಎಳೆ ಹಿಡಿದು ಸುತ್ತತೊಡಗಿದಳು. ಲೊರೆತ್ತಾ ಕೀಲಿ ಹಿಡಿದುಕೊಂಡೇ ಕಾಯುತ್ತಿದ್ದಳು.

"ಹೇಳಿ ಮೇಷ್ಟ್ರೇ."

"ಏನಂತ ಹೇಳ್ಲಿ ತಾಯಿ? ನನ್ನ ಕೈಗೆ ಗೊತ್ತು. ಬಾಯಿಗೆ ಯಾರೂ ಹೇಳಿಕೊಟ್ಟಿಲ್ಲ."

"ಕೈಯನ್ನೇ ಕೇಳು ಹಾಗಾದ್ರೆ," ಎಂದಳು ನೋರ್ಮಾ. "ಲಡಿ ದೊಡ್ಡದಿದೆ, ಅವಸರ ಇಲ್ಲ."

ಎರ್ಮೆಸ್ ಕಣ್ಣು ಮುಚ್ಚಿದ. ಉಣ್ಣೆಯೊಳಗೆ ಬೆರಳುಗಳು ತಾವೇ ಆಡಿದವು. ಅಂಗಡಿಯ ಬಾಗಿಲಲ್ಲಿ ಯಾರೋ ಚಕ್ರ ತಂದು ನಿಂತಿದ್ದಾರೆ, ಕೈ ಮೊದಲು ಏನು ಮಾಡುತ್ತಿತ್ತು? ತಿರುಗಿಸುತ್ತಿರಲಿಲ್ಲ. ತಂತಿಯ ಹಾಗೆ ಕಡ್ಡಿ ಮೀಟುತ್ತಿತ್ತು! ಇಷ್ಟು ವರ್ಷ ಕಿವಿ ಮಾಡಿದ ಕೆಲಸಕ್ಕೆ ಹೆಸರು ಕೈಗೆ ಬಂದಿತ್ತು.

"ಲೊರೆತ್ತಾ, ನೀನು ಚರ್ಚಿನಲ್ಲಿ ಹಾಡ್ತೀಯಲ್ಲ?"

"ಹಾಡ್ತೀನಿ. ಪಾದ್ರಿಗಳು ಸಾಕು ಅನ್ನೋವರೆಗೂ."

"ಕೀಲಿ ಕೆಳಗಿಡು. ಕಡ್ಡಿ ಮೀಟು. ಒಂದು ಬಿಟ್ಟು ಒಂದು, ಒಂದೇ ಮಗ್ಗುಲಿನವು."

ಟಿಂಗ್. ಟಿಂಗ್. ಟಿಂಗ್. ನಾಲ್ಕನೆಯದು ಟುಂಯ್ ಎಂದಿತು.

"ಅಯ್ಯೋ," ಎಂದಳು ಲೊರೆತ್ತಾ. "ಇದು ಅಭ್ಯಾಸಕ್ಕೆ ಬಾರದ ನಮ್ಮ ಹಾಡಿನ ಗುಂಪಿನ ಹುಡುಗಿ ಥರ ಇದೆ."

"ಸ್ವಲ್ಪ ಎಬ್ಬಿಸು ಅವಳನ್ನ. ಕಾಲು ಸುತ್ತು ಬಿಗಿ ಮಾಡು, ಅಷ್ಟೇ. ಮತ್ತೆ ಮೀಟು."

ಅವಳು ಗುನುಗಿಕೊಂಡು ಮೀಟುತ್ತಾ, ತಿರುಗಿಸುತ್ತಾ ಹೋದಳು. ಒಂದು ಕಡ್ಡಿಗೆ ಬಂದಾಗ ಎರ್ಮೆಸ್ ಮುಂದಕ್ಕೆ ಬಾಗಿದ. ಉಣ್ಣೆ ಬಿಗಿಯಿತು, ನೋರ್ಮಾ ಎಳೆಯನ್ನು ಮೆಲ್ಲಗೆ ಜಗ್ಗಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಲೊರೆತ್ತಾಳೇ ಹೇಳಿದಳು, "ಇದು ಕಿರುಚ್ತಿದೆ. ಸಡಿಲ ಮಾಡ್ತೀನಿ."

ಎರ್ಮೆಸ್ ಬಾಗಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡು ಲಡಿಯನ್ನು ಸರಿಯಾಗಿ ಹಿಡಿದ.

ಚರ್ ಚರ್ ಹೋಗಿ ಸುತ್ತಿಗೊಂದು ಚರ್ ಉಳಿಯಿತು. ಆಮೇಲೆ ಅದೂ ನಿಂತಿತು. ಚಕ್ರ ಸುಮ್ಮನೆ ತಿರುಗಿತು. ಲೊರೆತ್ತಾ ಅದನ್ನು ಮತ್ತೆ ಮತ್ತೆ ತಿರುಗಿಸಿ, ನಕ್ಕು, ಸೈಕಲ್ ಇಳಿಸಿ, ಗೋದಾಮಿನ ಒಳಗೇ ಹತ್ತಿಬಿಟ್ಟಳು. ಕಂಬಗಳನ್ನು ಬಳಸಿ ಒಂದು ಸುತ್ತು, ಎರಡು ಸುತ್ತು. ನೋಡುತ್ತಿದ್ದ ಎರ್ಮೆಸ್‌ನ ಕುತ್ತಿಗೆ ಅವಳ ಜೊತೆಗೇ ತಿರುಗುತ್ತಿತ್ತು.

ನೋರ್ಮಾ ಲಡಿಯನ್ನೆಲ್ಲ ಸುತ್ತಿ ಮುಗಿಸಿ, ಉಂಡೆಯನ್ನು ಚೀಲಕ್ಕೆ ಹಾಕಿ, ಕಾಫಿ ಇಡಲು ಯಾವಾಗಲೋ ಒಳಗೆ ಹೋಗಿದ್ದಳು. ಎರ್ಮೆಸ್ ಅಲ್ಲೇ ನಿಂತಿದ್ದ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ನಡುವೆ ಮೊಳದಷ್ಟು ಜಾಗ ಬಿಟ್ಟು, ಒಂದು ಎಳೆಯೂ ಜಾರದ ಹಾಗೆ.