ಕಣ್ಣು ಬರೆದ ಕುಂಚ

ನಾನು ಒಂದು ಕುಂಚ. ಅಳಿಲಿನ ಬಾಲದ ಹದಿನೇಳು ಕೂದಲು, ತಗಡಿನ ಕೊರಳಪಟ್ಟಿ, ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಕಟ್ಟಿಗೆಯ ಮೈ. ಇಷ್ಟೇ ನನ್ನ ಆಸ್ತಿ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಮಾಲೀಕರಾದ ವಿಠ್ಠಲಸಾ ಅವರೇ ಕೂದಲು ಆರಿಸಿ, ನೂಲು ಸುತ್ತಿ ನನ್ನನ್ನು ಕಟ್ಟಿದರು. ನನ್ನಂಥ ಅಂಜುಬುರುಕ ಕುಂಚ ಈ ಕಡೆ ಇನ್ನೊಂದು ಇರಲಾರದು. ಅದಕ್ಕೆ ಕಾರಣವಿದೆ.

ಆಗೆಲ್ಲ ಯಾರಾದರೂ ತೀರಿಕೊಂಡರೆ, ಬದುಕಿದ್ದಾಗಿನ ಫೋಟೋ ಇಲ್ಲದಿದ್ದರೆ, ಹೆಣವನ್ನೇ ಕೂರಿಸಿ ಫೋಟೋ ತೆಗೆಸುತ್ತಿದ್ದರು. ಅದರಲ್ಲಿ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆಯುವುದು ನನ್ನ ಕೆಲಸ. ಮೊದಲ ಸಲವೇ ಎಡವಟ್ಟಾಯಿತು. ಗಂಡನ ಫೋಟೋ ಒಯ್ಯಲು ಬಂದ ಹೆಂಗಸು ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಇವರು ನಮ್ಮವರಲ್ರೀ," ಅಂದವಳೇ ಫೋಟೋ ಬಿಟ್ಟು ಹೋದಳು. ಆ ಮಾತು ನನ್ನ ಕೂದಲ ಬುಡದಲ್ಲಿ ಕೂತುಬಿಟ್ಟಿತು. ಅಂದಿನಿಂದ ಕಣ್ಣು ಎಂದರೆ ನನಗೆ ನಡುಕ.

ಸ್ಟುಡಿಯೋ ಮುಚ್ಚಿದಾಗ ವಿಠ್ಠಲಸಾ ನನ್ನನ್ನು ಬೆಳಗಾವಿಯ ಗೆಳೆಯ ಗುರಸಿದ್ದಪ್ಪನವರಿಗೆ ಕೊಟ್ಟರು. ಅವರು ನಿವೃತ್ತ ಹವಾಲ್ದಾರ್. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಎರಡು ಬೆರಳೆತ್ತರದ ಸಿಪಾಯಿಗಳನ್ನು ಮಾಡಿ ಬಣ್ಣ ಹಚ್ಚುವುದು ಅವರ ಹುಚ್ಚು. ಇಲ್ಲಾದರೂ ಸುಖವಾಗಿರಬಹುದು ಅಂದುಕೊಂಡೆ. ದಪ್ಪ ಕುಂಚಗಳು ಅಂಗಿ, ಬೂಟು ಎಂದು ಬಳಿದು ಮೆರೆಯುತ್ತಿದ್ದವು. ಬಟ್ಟೆಯ ಮಡಿಕೆಗೆ ನೆರಳು, ಉಬ್ಬಿಗೆ ತಿಳಿಬಣ್ಣದ ಗೆರೆ, ಬೆಲ್ಟಿನ ಬಕ್ಕಲ್ಲಿಗೆ ಹಿತ್ತಾಳೆಯ ಹೊಳಪು. ಎಲ್ಲ ಮುಗಿದ ಮೇಲೆ ಹವಾಲ್ದಾರರು ನನ್ನನ್ನು ಎತ್ತಿ, ತುದಿಯನ್ನು ತುಟಿಗಿಟ್ಟು ಚೂಪು ಮಾಡುತ್ತಿದ್ದರು. ಅವರ ತುಟಿಯಲ್ಲಿ ಯಾವಾಗಲೂ ಚಹಾದ ರುಚಿ. ಆಮೇಲೆ ಮತ್ತದೇ ನನ್ನ ಹಣೆಬರಹ, ಕಣ್ಣು.

ಜೀರಿಗೆ ಕಾಳಿನಷ್ಟೂ ಇಲ್ಲದ ಜಾಗ. ಬಿಳಿ ಹಚ್ಚಿ ಕರಿ ಚುಕ್ಕೆ ಇಟ್ಟರೆ ಮುಗಿಯಲಿಲ್ಲ, ಚುಕ್ಕೆಯ ಮೇಲಂಚನ್ನು ರೆಪ್ಪೆಯ ಗೆರೆ ಮುಚ್ಚಬೇಕು. ಚುಕ್ಕೆಯ ಸುತ್ತಲೂ ಬಿಳಿ ಉಳಿಯಿತೋ, ಸಿಪಾಯಿ ಹೆದರಿದವನಂತೆ ಕಾಣುತ್ತಾನೆ. ನಾನು ಜೀವ ಬಿಗಿಹಿಡಿದಿರುತ್ತಿದ್ದೆ. ಹವಾಲ್ದಾರರ ಕೈ ಮಾತ್ರ ಒಮ್ಮೆಯೂ ತಪ್ಪಲಿಲ್ಲ.

ಪ್ರತಿ ವರ್ಷ ಅವರ ಮನೆಗೆ ಸತ್ಯವ್ವ ಎಂಬ ಮುದುಕಿ ಬರುತ್ತಿದ್ದಳು. ಗಡಿಯ ಚೌಕಿಯಲ್ಲಿ ಹವಾಲ್ದಾರರ ಜೊತೆಗಿದ್ದು, ಅಲ್ಲೇ ಗುಂಡಿಗೆ ಬಲಿಯಾದ ಬಾಳೇಶನ ತಾಯಿ. "ನಿನ್ನ ಮಗ ಹುಲಿಯಂಗ ನಿಂತಿದ್ದ ಯವ್ವಾ," ಎಂದು ಹವಾಲ್ದಾರರು ಹೇಳುತ್ತಿದ್ದರು. ಆಕೆ ಸುಮ್ಮನೆ ಕೇಳಿಸಿಕೊಂಡು ಹೋಗುತ್ತಿದ್ದಳು. ಒಂದು ವರ್ಷ ಆಕೆ ಹೀಗೆ ಕೇಳಿದಳು:

"ಕಣ್ಣು ಮಂಜಾಗಾಕ ಹತ್ಯಾವು ಯಪ್ಪಾ. ಪೂರಾ ಹೋಗೂದರೊಳಗ ಅಂವ ಅಲ್ಲಿ ಹೆಂಗ ನಿಂತಿದ್ದ ಅಂತ ಒಮ್ಮೆ ನೋಡಬೇಕು. ನೀ ಕಂಡಂಗ ಮಾಡಿಕೊಡು."

ಸಮವಸ್ತ್ರದಲ್ಲಿ ಬಾಳೇಶನ ಫೋಟೋ ಒಂದೂ ಇರಲಿಲ್ಲ. ಹವಾಲ್ದಾರರು ನೆನಪಿನಿಂದಲೇ ಮೂಗು ತಿದ್ದಿದರು, ಚಿಗುರು ಮೀಸೆ ಇಟ್ಟರು. ನನ್ನನ್ನು ತುಟಿಗಿಟ್ಟ ದಿನ ಆ ತುಟಿ ಒಣಗಿತ್ತು. ಬರೆದು ನೋಡಿದರೆ ಚುಕ್ಕೆಯ ಸುತ್ತ ಬಿಳಿ, ಬೆದರಿದ ಕಣ್ಣು. ಬಣ್ಣ ಕರಗಿಸುವ ಥಿನ್ನರ್ ಹಚ್ಚಿ ಒರೆಸಿದರು. ಮತ್ತೆ ಬರೆದರು. ಮತ್ತೆ ಅದೇ ಕಣ್ಣು. ಮೂರನೆಯ ಸಲವೂ ಅಷ್ಟೇ. ತಪ್ಪು ನನ್ನದೇ ಎಂದು ನಾನು ಕಂಗಾಲಾದೆ. ಆದರೆ ಅದೇ ದಿನ ಬೇರೆ ಇಬ್ಬರು ಸಿಪಾಯಿಗಳ ಕಣ್ಣು ಸಲೀಸಾಗಿ ಕೂತವು. ಆಗ ಹೊಳೆಯಿತು: ಹವಾಲ್ದಾರರ ಕೈ ಅಂದು ಚೌಕಿಯಲ್ಲಿ ಕಂಡದ್ದನ್ನೇ ಬರೆಯುತ್ತಿತ್ತು.

ನಾಲ್ಕನೆಯ ಸಲ ಬರೆದು, ಅವರು ಥಿನ್ನರ್ ಬಾಟಲಿಗೆ ಕೈ ಚಾಚಿದ್ದರಷ್ಟೇ, ಸತ್ಯವ್ವ ಒಳಗೆ ಬಂದಳು. ಸಿಪಾಯಿಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೇನು, ಸ್ಟುಡಿಯೋದ ಆ ಮಾತೇ ಮತ್ತೆ ಬರುತ್ತದೆ ಅಂದುಕೊಂಡೆ.

"ಅಂಜ್ಯಾನ," ಅಂದಳು.

"ತಪ್ಪಾಗೇತಿ ಯವ್ವಾ. ಕೊಡು, ಅಳಿಸಿ ಮತ್ತ ಬರಿತೀನಿ."

"ಮುಟ್ಟಬ್ಯಾಡ. ಇಂವ ನನ್ನ ಬಾಳೇಶ. ಬಾವ್ಯಾಗ ಇಣುಕಾಕ ಸುದ್ದಾ ಅಂಜತಿದ್ದ. ನೀ ಹುಲಿ ಹುಲಿ ಅಂದಾಗೆಲ್ಲಾ, ಯಾರ ಮಗನ ಸುದ್ದಿ ಹೇಳಾಕತ್ಯಾನ ಅಂತ ನಾ ಸುಮ್ಮಕಿರ್ತಿದ್ದೆ." ಕಣ್ಣೊರೆಸಿಕೊಂಡು ಕೇಳಿದಳು: "ಓಡಿ ಹೋಗಿದ್ನೇನು?"

"ಇಲ್ಲ ಯವ್ವಾ. ಕಡೀತನಕ ನನ್ನ ಮಗ್ಗಲದಾಗ ನಿಂತಿದ್ದ."

"ನೀನು?"

ಹವಾಲ್ದಾರರು ಥಿನ್ನರ್ ಬಾಟಲಿಯನ್ನು ದೂರ ಸರಿಸಿದರು. "ನಾನೂ ಅಂಜಿದ್ದೆ," ಅಂದರು.

ಆಕೆ ಬಣ್ಣ ಆರುವವರೆಗೂ ಕೂತಿದ್ದು, ಮಗನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಹೋದಳು.

ಈಗ ನನಗೆ ವಯಸ್ಸಾಗಿದೆ. ಉಳಿದಿರುವುದು ಒಂಬತ್ತು ಕೂದಲು, ಅವೂ ಒಂದೊಂದು ದಿಕ್ಕಿಗೆ. ಕಪಾಟಿನ ಮೂಲೆಯ ಲೋಟದಲ್ಲಿ ನಿಂತಿದ್ದೇನೆ. ಜೀವನವಿಡೀ ನಡುಗುತ್ತಲೇ ಕೆಲಸ ಮಾಡಿದೆ, ಓಡಿ ಹೋಗಲಿಲ್ಲ. ಓಡಲು ಕಾಲಿರಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಕೊನೆಯ ಕೆಲಸ ನಡೆದದ್ದು ಸತ್ಯವ್ವ ಮಗನನ್ನು ಒಯ್ದ ಮಾರನೆಯ ದಿನ. ಹವಾಲ್ದಾರರು ಇನ್ನೊಬ್ಬ ಸಿಪಾಯಿಗೆ ಬಣ್ಣ ಹಚ್ಚಿ, ನನ್ನನ್ನು ತುಟಿಗಿಟ್ಟರು. ಚಹಾದ ರುಚಿ ಇತ್ತು. ಕೈ ಕೊಂಚವೂ ಅಲುಗಲಿಲ್ಲ. ಚುಕ್ಕೆಯ ಸುತ್ತಲೂ ಬೇಕೆಂದೇ ಬಿಳಿ ಬಿಟ್ಟು, ತಮ್ಮದೇ ಕಣ್ಣುಗಳನ್ನು ಬರೆದುಕೊಂಡರು. ಆ ಸಿಪಾಯಿ ನನ್ನ ಎದುರಿಗೇ ನಿಂತಿದ್ದಾನೆ. ಅವನ ಮಗ್ಗುಲಲ್ಲಿ ಒಬ್ಬನಿಗಾಗುವಷ್ಟು ಜಾಗ ಬಿಟ್ಟಿದ್ದಾರೆ.